ಹೆಪ್ಪಿನ ಗುಣ

ಪುಟ್ಟೇನಹಳ್ಳಿಯ ಹೆಸರಿನಲ್ಲಿ ಇನ್ನೂ ಹಳ್ಳಿಯಿದೆ, ನೆಲದ ಮೇಲೆ ಇಲ್ಲ. ಬೆಂಗಳೂರು ದಕ್ಷಿಣಕ್ಕೆ ಬೆಳೆಯುತ್ತ ಬಂದು, ಜೆ.ಪಿ. ನಗರದ ಏಳನೇ ಹಂತದ ಸುತ್ತಮುತ್ತ ಹೊಲಗಳಿದ್ದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಒಂದೇ ಕಟ್ಟಡದಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ ಕಿವಿಗೆ ಬೀಳುತ್ತವೆ. ಬೇರೆ ಬೇರೆ ಊರುಗಳಿಂದ ಬಂದು ನೆಲೆಸಿದವರು ತಮ್ಮ ಪೂಜೆ, ಪ್ರಾರ್ಥನೆಗಳಿಗೆ ಹತ್ತಿರದಲ್ಲೊಂದು ಜಾಗ ಹುಡುಕುವುದು ಸಹಜ.

ಇಂಥ ಬಡಾವಣೆಗಳಲ್ಲಿ ಹೊಸ ಕ್ರೈಸ್ತ ಸಭೆಯೊಂದು ಸಾಮಾನ್ಯವಾಗಿ ಕಟ್ಟಡದಿಂದ ಆರಂಭವಾಗುವುದಿಲ್ಲ. ಯಾರದೋ ಮನೆಯ ಹಜಾರದಲ್ಲಿ ನಾಲ್ಕಾರು ಕುಟುಂಬಗಳು ಕೂಡಿ ಪ್ರಾರ್ಥಿಸುತ್ತವೆ. ಜನ ಹೆಚ್ಚಾದಾಗ ಭಾನುವಾರದ ಮಟ್ಟಿಗೆ ಒಂದು ಸಭಾಂಗಣ ಬಾಡಿಗೆಗೆ ಬರುತ್ತದೆ. ಆಗ ಕಾಲೇಜಿನಲ್ಲಿ ಓದುವ ಹುಡುಗ ಹುಡುಗಿಯರಿಗೂ ಕರೆ ಬರುತ್ತದೆ. ಒಬ್ಬನಿಗೆ ಗಿಟಾರ್ ಬರುತ್ತದೆ, ಒಬ್ಬಳಿಗೆ ಚಿಕ್ಕ ಮಕ್ಕಳಿಗೆ ಕಥೆ ಹೇಳುವುದು ಗೊತ್ತು, ಇನ್ನೊಬ್ಬನಿಗೆ ಕಂಪ್ಯೂಟರ್ ಕೈಗೆ ಒಗ್ಗಿದೆ. 'ಮೊದಲ ತಂಡದಲ್ಲಿ ನೀನೂ ಇರು' ಎಂಬ ಮಾತು ಹತ್ತೊಂಬತ್ತರ ವಯಸ್ಸಿನಲ್ಲಿ ಸಣ್ಣ ಮಾತಲ್ಲ. ಮನೆಯಲ್ಲಿ ತಂದೆ ತಾಯಿಯ ಯೋಚನೆಯೇ ಬೇರೆ. ಓದು ಹಿಂದೆ ಬಿದ್ದರೆ? ತಾತನ ಕಾಲದಿಂದ ಹೋಗುತ್ತಿದ್ದ ಚರ್ಚನ್ನು ಬಿಟ್ಟರೆ? ಈ ಹೊಸಬರು ಎಂಥವರು?

ಎರಡು ಕಡೆಯ ಮಾತಿನಲ್ಲೂ ನ್ಯಾಯವಿದೆ. ತೀರ್ಮಾನಕ್ಕೆ ಮೊದಲು ಮೊದಲ ತಂಡದ ಕೆಲಸವೇನು ಎಂಬುದನ್ನು ತಿಳಿಯುವುದು ಒಳ್ಳೆಯದು.

ಹಾಲಿಗೆ ಹೆಪ್ಪು ಹಾಕುವುದನ್ನು ಎಲ್ಲರೂ ನೋಡಿದ್ದಾರೆ. ಒಂದು ಚಮಚ ಮೊಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲದಿಂದ ಹಾಲಿನ ಪ್ರೋಟೀನು ಗಟ್ಟಿಯಾಗಿ ಪಾತ್ರೆಯ ಹಾಲೆಲ್ಲ ಮೊಸರಾಗುತ್ತದೆ. ಕುದಿಯುವ ಹಾಲಿಗೆ ಹಾಕಿದರೆ ಹೆಪ್ಪು ಸಾಯುತ್ತದೆ. ತಣ್ಣಗೆ ಕೊರೆಯುವ ಹಾಲಿನಲ್ಲಿ ಕೆಲಸ ಮಾಡದು. ಹೆಪ್ಪು ಕೆಟ್ಟಿದ್ದರೆ ಹಾಲು ಎಷ್ಟೇ ಒಳ್ಳೆಯದಿದ್ದರೂ ಮೊಸರು ಕೆಡುತ್ತದೆ. ಹೊಸ ಸಂಸ್ಥೆಗೆ ಮೊದಲ ನಾಲ್ಕು ಜನ ಹೆಪ್ಪಿನಂತೆ. ಅವರ ರೀತಿ ನೀತಿಯೇ ಮುಂದೆ ಬರುವ ನಾನೂರು ಜನರ ರೂಢಿಯಾಗುತ್ತದೆ.

ಇದಕ್ಕೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ಉದಾಹರಣೆಯಿದೆ. 1834ರ ಅಕ್ಟೋಬರ್‌ನಲ್ಲಿ ಬಾಸೆಲ್ ಮಿಷನ್ನಿನ ಮೂವರು, ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ಅಲ್ಲಿ ಕಥೋಲಿಕ ಇಗರ್ಜಿಗಳು ಹಿಂದಿನಿಂದಲೇ ಇದ್ದವು. ಇವರು ಕಟ್ಟಬೇಕಾಗಿದ್ದು ಹೊಸ ಪ್ರಾಟೆಸ್ಟೆಂಟ್ ಸಭೆ. ಕೈಯಲ್ಲಿ ಕಟ್ಟಡವಿಲ್ಲ, ಬಾಯಲ್ಲಿ ಭಾಷೆಯಿಲ್ಲ. ಮೊದಲು ವಿದ್ಯಾರ್ಥಿಗಳಾಗಿ ಕುಳಿತು ಊರಿನ ಮಾತು ಕಲಿತರು. ಮನೆಮನೆಯ ಮಾತು ತುಳು ಎಂಬುದು ತಿಳಿದ ಮೇಲೆ ಗ್ರೈನರ್ ತುಳುವಿಗೆ ತಿರುಗಿದರು. 1840ರ ದಶಕದಲ್ಲಿ ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾಯಿತು.

ಮೊದಲ ತಂಡ ಹಾಕಿಕೊಟ್ಟ ಈ ರೂಢಿ ಮುಂದೆ ಏನೇನು ಕೊಟ್ಟಿತು ನೋಡಿ. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂತು. ಸಭೆಗೆ ಸೇರಿ ಜಾತಿಯ ಕಸುಬನ್ನೂ ಮನೆಯ ಆಸರೆಯನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಾಯಿತು. ಅದಕ್ಕೆ ನೇಯ್ಗೆ ಕೆಲಸ, 1865ರಲ್ಲಿ ಹೆಂಚಿನ ಕಾರ್ಖಾನೆ ಬಂದವು. ಇವರಾರೂ ಪ್ರಾರ್ಥನೆಯನ್ನು ಬಿಟ್ಟವರಲ್ಲ. ಆದರೆ ಪ್ರಾರ್ಥನೆ ಮುಗಿದ ಮೇಲೆ ಉಳಿಯುವ ಕೆಲಸವನ್ನು ಕೀಳೆಂದು ಎಣಿಸಲಿಲ್ಲ.

ಇದೇ ಕಥೆಯಲ್ಲಿ ತಂದೆ ತಾಯಿಗಳು ಓದಬೇಕಾದ ಪುಟವೂ ಇದೆ. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರಲ್ಲಿ ಆತ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ಕೋಲಾಹಲವೇ ಎದ್ದಿತು. ಆತನಿಗೆ ಆಗ ಇಪ್ಪತ್ತು ತುಂಬಿರಲಿಲ್ಲ. 1846ರಲ್ಲಿ ಮೊಗ್ಲಿಂಗರ ಜತೆ ಬಾಸೆಲ್‌ಗೆ ಹೋಗಿ ವರ್ಷಗಟ್ಟಲೆ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ ಕೌಂಡಿನ್ಯರು ಆ ಮಿಷನ್ನಿನ ಮೊದಲ ಭಾರತೀಯ ಮಿಷನರಿಯಾದರು. ಸಭೆಯ ಚರಿತ್ರೆಯಲ್ಲಿ ಇದು ಗೌರವದ ಸಂಗತಿ. ಮಗನನ್ನು ಕಳೆದುಕೊಂಡೆವೆಂದು ಭಾವಿಸಿದ ಮನೆಗೆ ಅದೇ ದುಃಖದ ಸಂಗತಿ. ಎರಡೂ ನಿಜ. ಮೊದಲ ತಂಡಕ್ಕೆ ಸೇರುವವರ ಬೆಲೆಯನ್ನು ಅವರೊಬ್ಬರೇ ತೆರುವುದಿಲ್ಲ, ಮನೆಯವರೂ ತೆರುತ್ತಾರೆ. ಕೌಂಡಿನ್ಯರು ಓದನ್ನು ನಿಲ್ಲಿಸಲಿಲ್ಲ ಎಂಬುದನ್ನೂ ವಿದ್ಯಾರ್ಥಿಗಳು ಗಮನಿಸಬೇಕು.

ಕಟ್ಟಿದವರು ಇಲ್ಲದಾಗ ಕಟ್ಟಿದ್ದು ನಿಲ್ಲುತ್ತದೆಯೇ ಎಂಬುದೇ ಕೊನೆಯ ಪರೀಕ್ಷೆ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಕಾರ್ಖಾನೆಗಳೂ ಬೇರೆಯವರ ಕೈ ಸೇರಿದವು. ಆದರೂ ಊರಿನ ಉಪದೇಶಕರು, ಶಾಲಾ ಮಾಸ್ತರರು, ಸಭಾ ಹಿರಿಯರು ಇದ್ದುದರಿಂದ ಸಭೆಗಳು ಉಳಿದವು. ಬಾಸೆಲ್ ಮಿಷನ್ ಕಟ್ಟಿದ ಅನೇಕ ಸಭೆಗಳು ಇಂದು, 1947ರ ಸೆಪ್ಟೆಂಬರ್ 27ರಂದು ಆರಂಭವಾದ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ನಲ್ಲಿ ಇವೆ. ಒಬ್ಬ ವ್ಯಕ್ತಿಯ ಮಾತಿನ ಬಲದ ಮೇಲೆ ಮಾತ್ರ ನಿಂತ ಸಭೆಗೆ ಈ ಬಾಳಿಕೆ ಬರುವುದು ಕಷ್ಟ.

ಮತ್ತೆ ಪುಟ್ಟೇನಹಳ್ಳಿಗೆ ಬರೋಣ. ಸಂವಿಧಾನದ 25 ಮತ್ತು 26ನೇ ವಿಧಿಗಳು, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು, ಧರ್ಮವನ್ನು ಆಚರಿಸುವ ಹಾಗೂ ಧಾರ್ಮಿಕ ಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿವೆ. ಹಕ್ಕಿನ ಜತೆಗೆ ಲೆಕ್ಕವೂ ಬರುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಸಂಘ ಕಟ್ಟಲು ಹದಿನೆಂಟು ದಾಟಿದ ಏಳು ಜನರಾದರೂ ಬೇಕು; ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು, ಲೆಕ್ಕಪತ್ರದ ತಪಾಸಣೆಯಾಗಬೇಕು. ಕಾಗದಕ್ಕೆ ಸಹಿ ಹಾಕುವ ವಿದ್ಯಾರ್ಥಿ ಆ ಏಳರಲ್ಲಿ ಒಬ್ಬನಾಗಿದ್ದರೆ ಕಾನೂನಿನ ಮುಂದೆ ಅವನೂ ಹೊಣೆಗಾರ. ಕಾಣಿಕೆ ಪೆಟ್ಟಿಗೆಯ ಹಣವನ್ನು ಒಬ್ಬರೇ ಎಣಿಸದೆ ಇಬ್ಬರು ಕೂತು ಎಣಿಸಿ ಬರೆದಿಡುವ ರೂಢಿ ಮೊದಲ ಭಾನುವಾರವೇ ಬರಬೇಕು. ಹತ್ತನೇ ವರ್ಷ ತರಲು ಹೊರಟರೆ ಅದು ಅಪನಂಬಿಕೆಯಂತೆ ಕಾಣುತ್ತದೆ.

ನೆರೆಹೊರೆಯ ಲೆಕ್ಕವೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಡೆಸಿಬೆಲ್ 10 ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. 55ರಿಂದ 75ಕ್ಕೆ ಹೋದರೆ ನೂರು ಪಟ್ಟು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿರಬಹುದು, ಹಾಸಿಗೆ ಹಿಡಿದ ಅಜ್ಜಿಯಿರಬಹುದು. ಧ್ವನಿವರ್ಧಕದ ಗುಂಡಿ ತಿರುಗಿಸುವ ಹುಡುಗನ ಬೆರಳಿನಲ್ಲಿ ಸಭೆಯ ಮಾನವಿದೆ.

ಪುಟ್ಟೇನಹಳ್ಳಿಯ ಕೆರೆಯೇ ಈ ವಿಷಯದಲ್ಲಿ ಒಂದು ಪಾಠ. ಕೆಡುತ್ತಿದ್ದ ಕೆರೆಯನ್ನು ಉಳಿಸಲು 2010ರಲ್ಲಿ ನೆರೆಹೊರೆಯವರು ಒಂದು ಟ್ರಸ್ಟ್ ಕಟ್ಟಿಕೊಂಡರು. 2011ರಲ್ಲಿ ಅದರ ನಿರ್ವಹಣೆಗೆ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡರು. ಕೆರೆಗೂ ಚರ್ಚಿಗೂ ಸಂಬಂಧವಿಲ್ಲ. ಆದರೆ ಕಟ್ಟುವ ಕೆಲಸದ ಬಗೆ ಒಂದೇ: ಹೆಸರು ಹೇಳಿಕೊಂಡು ಮುಂದೆ ಬರುವುದು, ಕಾಗದಪತ್ರ ಸರಿಯಾಗಿಡುವುದು, ಉತ್ಸಾಹ ತಗ್ಗಿದ ದಿನವೂ ಹಾಜರಾಗುವುದು.

ಆದ್ದರಿಂದ ಕರೆ ಬಂದ ವಿದ್ಯಾರ್ಥಿ ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಬೇಕು. ಹಣದ ಲೆಕ್ಕ ಯಾರು ನೋಡುತ್ತಾರೆ? ಸಭಾಪಾಲಕರು ತಪ್ಪಿದರೆ ಹೇಳುವವರು ಯಾರು? ವಾರಕ್ಕೆ ಎಷ್ಟು ಗಂಟೆ ಬೇಕು? ಪರೀಕ್ಷೆಯ ತಿಂಗಳಲ್ಲಿ ಬಿಡುವು ಉಂಟೆ? ಬಿಟ್ಟು ಹೋಗಬೇಕೆನಿಸಿದರೆ ಬೇಸರವಿಲ್ಲದೆ ಕಳುಹಿಸಿಕೊಡುತ್ತಾರೆಯೇ? ಈ ಪ್ರಶ್ನೆಗಳಿಗೆ ಸಿಟ್ಟಾಗುವ ತಂಡಕ್ಕೆ ಸೇರದಿರುವುದೇ ಲೇಸು. ಸಮಾಧಾನದಿಂದ ಉತ್ತರಿಸುವವರ ಜತೆ ಮಾತು ಮುಂದುವರಿಸಬಹುದು.

ಪೋಷಕರು 'ಬೇಡ' ಎಂದು ಬಾಗಿಲು ಹಾಕುವ ಮೊದಲು ಒಂದು ಭಾನುವಾರ ತಾವೇ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬರಲಿ. ವೇದಿಕೆಯ ಮೇಲಿನ ಮಾತಿಗಿಂತ ಆರಾಧನೆ ಮುಗಿದ ಮೇಲೆ ಕುರ್ಚಿಗಳನ್ನು ಯಾರು ಮಡಚಿಡುತ್ತಾರೆ, ನೆಲವನ್ನು ಯಾರು ಗುಡಿಸುತ್ತಾರೆ ಎಂಬುದನ್ನು ನೋಡಲಿ. ದೊಡ್ಡವರು ಕೈಕಟ್ಟಿ ನಿಂತು ಮಕ್ಕಳ ಕೈಯಲ್ಲೇ ಎಲ್ಲ ಮಾಡಿಸುತ್ತಿದ್ದರೆ ಮನೆಗೆ ಬಂದು ಮಗನಿಗೆ ಹಾಗೆಂದು ಹೇಳಲಿ. ಸಭಾಪಾಲಕರೂ ಹಿರಿಯರೂ ಸೆರಗು, ತೋಳು ಮೇಲೇರಿಸಿ ಪೊರಕೆ ಹಿಡಿದಿದ್ದರೆ ಅದನ್ನೂ ಹೇಳಲಿ.