ಹಿತ್ತಲ ಮದ್ದು ಪೊಟ್ಟಣಕ್ಕೆ ಬಂದಾಗ

ಮಳೆಗಾಲದ ತಂಪು ಮತ್ತು ಪುಷ್ಯಮಾಸದ ಚಳಿ, ಈ ಎರಡು ಅವಧಿಗಳಲ್ಲಿ ಕೊಪ್ಪಳ ಜಿಲ್ಲೆಯ ಮನೆಮನೆಗಳಲ್ಲಿ ನೆಗಡಿ, ಕೆಮ್ಮು, ಜ್ವರ, ಮೈಕೈ ನೋವು ಕಾಣಿಸಿಕೊಳ್ಳುವುದು ವಾಡಿಕೆ. ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಭಕ್ತರು ಒಂದೆಡೆ ಸೇರುವುದೂ ಚಳಿಗಾಲದಲ್ಲಿಯೇ. ಈ ದಿನಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪೇಟೆಗಳ ಕಿರಾಣಿ ಅಂಗಡಿಗಳಲ್ಲಿ ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಜ್ಯೇಷ್ಠಮಧುಗಳಿಗೆ ಬೇಡಿಕೆ ಏರುತ್ತದೆ. ಹಿಂದೆ ಇವನ್ನು ಬಿಡಿಬಿಡಿಯಾಗಿ ತೂಗಿ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ಮನೆಯ ಹಿರಿಯರು ತಮ್ಮ ಅಳತೆಯಲ್ಲಿ ಕುಟ್ಟಿ, ಕುದಿಸಿ, ಬೆಲ್ಲ ಬೆರೆಸಿ ಕಷಾಯ ಮಾಡುತ್ತಿದ್ದರು. ಈಗ ಅದೇ ಕಷಾಯವು ಸಿದ್ಧ ಪುಡಿಯಾಗಿ, ಬಣ್ಣದ ಚೀಟಿ ಅಂಟಿಸಿಕೊಂಡು ಪೊಟ್ಟಣಗಳಲ್ಲಿ ಬರುತ್ತಿದೆ.

ಇದು ಸಣ್ಣ ಉದ್ದಿಮೆದಾರರಿಗೆ ಒಳ್ಳೆಯ ಅವಕಾಶವೆಂಬುದರಲ್ಲಿ ಸಂದೇಹವಿಲ್ಲ. ಬಂಡವಾಳ ಕಡಿಮೆ, ಯಂತ್ರಗಳು ಸರಳ, ಗ್ರಾಹಕರಿಗೆ ರುಚಿ ಮೊದಲೇ ಪರಿಚಿತ. ಆದರೆ ಹಿತ್ತಲ ಮದ್ದು ಪೊಟ್ಟಣಕ್ಕೆ ಬಂದೊಡನೆ ಅದರ ಹೊಣೆಯೂ ಬದಲಾಗುತ್ತದೆ. ಮನೆಯ ಕಷಾಯಕ್ಕೆ ಕುದಿಸಿದವರು ಹೊಣೆ. ಪೊಟ್ಟಣದ ಕಷಾಯಕ್ಕೆ ತಯಾರಿಸಿದವರು ಮತ್ತು ಮಾರಿದವರು ಹೊಣೆ. ಈ ವ್ಯಾಪಾರವು ಜಿಲ್ಲೆಯಲ್ಲಿ ಬೇರೂರಬೇಕಾದರೆ ವರ್ತಕರು ಮೊದಲು ಒಂದು ನಿಯಮವನ್ನು ತಮಗೆ ತಾವೇ ವಿಧಿಸಿಕೊಳ್ಳಬೇಕು: ಉಪಶಮನವನ್ನು ಮಾರಬಹುದು, ರೋಗನಿವಾರಣೆಯ ಭರವಸೆಯನ್ನು ಮಾರಬಾರದು.

ಸಾಮಾನ್ಯ ನೆಗಡಿಯು ಔಷಧಿ ತೆಗೆದುಕೊಂಡರೂ ತೆಗೆದುಕೊಳ್ಳದಿದ್ದರೂ ಬಹುತೇಕ ಒಂದು ವಾರದಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಬಿಸಿ ಕಷಾಯವು ಗಂಟಲಿಗೆ ಹಿತ ನೀಡುತ್ತದೆ, ದೇಹಕ್ಕೆ ನೀರಿನಂಶ ಒದಗಿಸುತ್ತದೆ, ನಿದ್ರೆಗೆ ನೆರವಾಗುತ್ತದೆ. ಇಷ್ಟು ಗುಣ ಅಲ್ಪವೇನಲ್ಲ. ಆದರೆ ಇನ್‌ಫ್ಲುಯೆಂಜಾ ಎಂಬ ಜ್ವರವು ನೆಗಡಿಗಿಂತ ಬೇರೆಯದೇ ಕಾಯಿಲೆ. ವೃದ್ಧರು, ಗರ್ಭಿಣಿಯರು, ಎಳೆಯ ಮಕ್ಕಳು, ಮಧುಮೇಹ ಅಥವಾ ಉಬ್ಬಸ ಉಳ್ಳವರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗಿ ಪ್ರಾಣಕ್ಕೆ ಸಂಚಕಾರ ತರಬಲ್ಲದು. 2009ರ ಎಚ್‌1ಎನ್‌1 ಪಿಡುಗು ಈ ಪಾಠವನ್ನು ನಾಡಿಗೆಲ್ಲ ಕಲಿಸಿತು. ಈ ಜ್ವರಕ್ಕೆ ವೈದ್ಯರು ಕೊಡುವ ಒಸೆಲ್ಟಾಮಿವಿರ್ ಔಷಧಿಯು ರೋಗಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭವಾದರೆ ಹೆಚ್ಚು ಫಲಕಾರಿ. ಪೊಟ್ಟಣದ ಮೇಲಿನ "ಸಕಲ ಜ್ವರ ನಿವಾರಕ" ಎಂಬ ಎರಡು ಮೂರು ಪದಗಳನ್ನು ನಂಬಿ ರೋಗಿಯು ಕಳೆದುಕೊಳ್ಳುವುದು ಆ ಅಮೂಲ್ಯವಾದ ಎರಡು ದಿನಗಳನ್ನೇ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ದೂರದ ಹಳ್ಳಿಗಳಲ್ಲಿ ವೈದ್ಯರಿಗಿಂತ ಮೊದಲು ರೋಗಿಗೆ ಸಿಗುವವನು ಅಂಗಡಿಕಾರ. ಅವನ ಮಾತಿಗೆ ಇರುವ ಬೆಲೆ ಅವನೇ ಊಹಿಸಿದ್ದಕ್ಕಿಂತ ಹೆಚ್ಚು.

2020ರ ಕೋವಿಡ್ ಕಾಲದಲ್ಲಿ ಕೇಂದ್ರ ಆಯುಷ್ ಸಚಿವಾಲಯವು "ಆಯುಷ್ ಕ್ವಾಥ" ಎಂಬ ಸೂತ್ರವನ್ನು ಪ್ರಕಟಿಸಿತು: ತುಳಸಿ 4 ಭಾಗ, ದಾಲ್ಚಿನ್ನಿ 2 ಭಾಗ, ಒಣಶುಂಠಿ 2 ಭಾಗ, ಕಾಳುಮೆಣಸು 1 ಭಾಗ. 3 ಗ್ರಾಂ ಪುಡಿಯನ್ನು 150 ಮಿಲಿಲೀಟರ್ ಕುದಿಸಿದ ನೀರಿನಲ್ಲಿ ಹಾಕಿ ಸೇವಿಸಬೇಕೆಂಬುದು ಸೂಚನೆ. ಇದನ್ನು ಹೇಳಿದ್ದು ರೋಗನಿರೋಧಕ ಶಕ್ತಿಯ ಪೋಷಣೆಗಾಗಿ, ಕೋವಿಡ್‌ನ ಚಿಕಿತ್ಸೆಗಾಗಿ ಅಲ್ಲ. ಪರವಾನಗಿ ಪಡೆದ ತಯಾರಕರು ಮಾತ್ರ ಇದನ್ನು ತಯಾರಿಸಬೇಕಿತ್ತು. ಆಯುಷ್ ಔಷಧಿಗಳಿಂದ ಕೋವಿಡ್ ವಾಸಿಯಾಗುವುದೆಂಬ ಪ್ರಚಾರವನ್ನು ಅದೇ ಸಚಿವಾಲಯವು 2020ರ ಏಪ್ರಿಲ್ ಆರಂಭದಲ್ಲಿಯೇ ನಿಷೇಧಿಸಿತ್ತು. ಸೂತ್ರ ಕೊಟ್ಟವರೇ ಮಾತಿಗೆ ಮಿತಿ ಹಾಕಿಕೊಂಡಿರುವಾಗ ಪೊಟ್ಟಣ ಕಟ್ಟುವವರು ಆ ಮಿತಿಯನ್ನು ಮೀರುವುದು ಸರಿಯಲ್ಲ.

ಗಿಡಮೂಲಿಕೆಗಳ ವ್ಯಾಪಾರದಲ್ಲಿ ಜಗತ್ತಿನಲ್ಲಿಯೇ ದೊಡ್ಡ ಹೆಸರು ಚೀನಾ ದೇಶದ್ದು. ಅಲ್ಲಿಯ ಅನುಭವವೂ ಇಲ್ಲಿಯವರಿಗೆ ಪಾಠವಾಗಬಲ್ಲದು. 2003ರ ಆರಂಭದಲ್ಲಿ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಸಾರ್ಸ್ ರೋಗ ಹರಡಿದಾಗ, ಅಲ್ಲಿ ನೆಗಡಿ ಜ್ವರಗಳಿಗೆ ಬಳಸುವ "ಬಾನ್‌ಲಾನ್‌ಗೆನ್" ಎಂಬ ಬೇರಿಗೂ ವಿನೆಗರ್‌ಗೂ ಜನ ಮುಗಿಬಿದ್ದರು, ಬೆಲೆಗಳು ಗಗನಕ್ಕೇರಿದವು. ರೋಗ ಮಾತ್ರ ಅದರಿಂದ ನಿಲ್ಲಲಿಲ್ಲ. ನೆಗಡಿಗೆ ಬಳಸುವ ಚೀನೀ ಮೂಲಿಕೆಗಳ ಪ್ರಯೋಗಗಳನ್ನು ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಯು, ಆ ಪ್ರಯೋಗಗಳ ಗುಣಮಟ್ಟ ಸಾಲದೆಂಬ ಕಾರಣದಿಂದ ಯಾವುದನ್ನೂ ಶಿಫಾರಸು ಮಾಡಲಾಗದೆಂದು ತಿಳಿಸಿತು.

ಇದಕ್ಕಿಂತ ಕಠೋರವಾದ ಪಾಠ ಬೆಲ್ಜಿಯಂ ದೇಶದ್ದು. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸಲು ಕೊಟ್ಟ ಚೀನೀ ಮೂಲಿಕೆಯ ಮಾತ್ರೆಗಳಿಂದ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಕಾರಣ, "ಫಾಂಗ್ ಜಿ" ಎಂಬ ಮೂಲಿಕೆಯ ಬದಲಿಗೆ ಹೆಸರಿನಲ್ಲಿ ಅದನ್ನೇ ಹೋಲುವ "ಗುವಾಂಗ್ ಫಾಂಗ್ ಜಿ" ಸೇರಿಹೋಗಿದ್ದುದು. ಆ ಎರಡನೆಯದು ಈ ನಾಡಿನ ಈಶ್ವರಿ ಬಳ್ಳಿಯ ಕುಲಕ್ಕೆ ಸೇರಿದ, ಮೂತ್ರಪಿಂಡಕ್ಕೆ ವಿಷವಾದ ಗಿಡ. ಅಲ್ಲಿ ಆದದ್ದು ಸರಕನ್ನು ಗುರುತಿಸುವುದರಲ್ಲಿ ಆದ ತಪ್ಪು. ಅಂಥ ತಪ್ಪು ಯಾವ ಪೇಟೆಯಲ್ಲಿಯೂ ಆಗಬಹುದು.

ಇಲ್ಲಿಯ ಪೇಟೆಗಳೂ ಇದಕ್ಕೆ ಹೊರತಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಬಳಕೆ ವಿಪರೀತವಾದಾಗ, ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ತೊಂದರೆ ಕಂಡುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯವು ಆ ವಾದವನ್ನು ಒಪ್ಪಲಿಲ್ಲ. ಆದರೆ ಅಮೃತಬಳ್ಳಿಯನ್ನು ಹೋಲುವ ಬೇರೆ ಜಾತಿಯ ಬಳ್ಳಿಯನ್ನು ಬಳಸಬಾರದೆಂದು ಎಚ್ಚರಿಸಿತು. ವಾದ ಹೇಗೇ ಇರಲಿ, ವರ್ತಕನಿಗೆ ಅದರ ಸಾರ ಒಂದೇ: ಚೀಲದಲ್ಲಿ ಬಂದ ಒಣಬಳ್ಳಿ ಯಾವುದೆಂದು ನಿಶ್ಚಯವಿಲ್ಲದೆ ಅದನ್ನು ಬೀಸಬಾರದು. ದಾಲ್ಚಿನ್ನಿಯ ಹೆಸರಿನಲ್ಲಿ ಮಾರಾಟವಾಗುವ ಚಕ್ಕೆಯಲ್ಲಿ ಬಹುಪಾಲು ಚೀನಾ, ವಿಯೆಟ್ನಾಂ ಮೊದಲಾದೆಡೆಗಳಿಂದ ಬರುವ ಕ್ಯಾಸಿಯಾ ತೊಗಟೆ. ಅದರಲ್ಲಿರುವ ಕೂಮರಿನ್ ಅಂಶವು ದಿನವೂ ಹೆಚ್ಚು ಪ್ರಮಾಣದಲ್ಲಿ ಸೇರಿದರೆ ಯಕೃತ್ತಿಗೆ ಹಿತವಲ್ಲ. ಕಾಳುಮೆಣಸಿನಲ್ಲಿ ಪಪ್ಪಾಯಿ ಬೀಜ ಬೆರೆಸುವ ವಂಚನೆ ಎಲ್ಲರಿಗೂ ತಿಳಿದದ್ದೇ. ಇನ್ನು ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡವು ಔಷಧೀಯ ಸಸ್ಯಗಳಿಗೆ ಹೆಸರಾಗಿದ್ದರೂ 2019ರಿಂದ ವನ್ಯಜೀವಿಧಾಮವಾಗಿದೆ. ಅಲ್ಲಿಂದ ಅನುಮತಿಯಿಲ್ಲದೆ ಕಿತ್ತು ತಂದ ಸರಕನ್ನು ಅಗ್ಗವೆಂದು ಕೊಳ್ಳುವುದು ಕಾನೂನಿಗೂ ವಿರುದ್ಧ, ನಾಳಿನ ವ್ಯಾಪಾರಕ್ಕೂ ಹಾನಿ.

ಕಾನೂನಿನ ದೃಷ್ಟಿಯಲ್ಲಿ ಕಷಾಯದ ಪುಡಿಗೆ ಎರಡು ಬಾಗಿಲುಗಳಿವೆ. ಆಹಾರವೆಂದು ಮಾರುವುದಾದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಅಥವಾ ಪರವಾನಗಿ ಬೇಕು. ರೋಗ ವಾಸಿಯಾಗುವುದೆಂದು ಬರೆಯುವಂತಿಲ್ಲ. ಆಯುರ್ವೇದ ಔಷಧಿಯೆಂದು ಮಾರುವುದಾದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ತಯಾರಿಕಾ ಪರವಾನಗಿ ಬೇಕು. 2000ದಲ್ಲಿ ಜಾರಿಗೆ ತಂದ ಷೆಡ್ಯೂಲ್ "ಟಿ" ಪ್ರಕಾರ ಕಟ್ಟಡ, ಶುಚಿತ್ವ, ಕಚ್ಚಾವಸ್ತುಗಳ ಪರೀಕ್ಷೆ ಹಾಗೂ ದಾಖಲೆಗಳು ಇರಬೇಕು. ಪೊಟ್ಟಣದ ಮೇಲೆ ಘಟಕಾಂಶಗಳು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ಬಳಕೆಯ ಅವಧಿಯನ್ನು ಮುದ್ರಿಸಬೇಕು. ಆಹಾರದ ಬಾಗಿಲಿನಿಂದ ಒಳಬಂದು ಔಷಧಿಯ ಮಾತನ್ನಾಡುವುದಕ್ಕೆ ಅವಕಾಶವಿಲ್ಲ. ಆಯುರ್ವೇದ ಔಷಧಿಗಳ ಚಿಲ್ಲರೆ ಮಾರಾಟಕ್ಕೆ ಪ್ರತ್ಯೇಕ ಪರವಾನಗಿ ಬೇಡವೆಂಬುದು ನಿಜ. ಆದರೆ ಕಾಯ್ದೆ ಮೀರಿ ತಯಾರಾದ ಔಷಧಿಯನ್ನು ದಾಸ್ತಾನು ಮಾಡುವುದೂ ಮಾರುವುದೂ ಅಪರಾಧವೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕನಿಗೆ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ. ಸಣ್ಣ ಉದ್ದಿಮೆಯೊಂದನ್ನು ಮುಚ್ಚಿಸಲು ಇಷ್ಟು ಸಾಕು.

ದೊಡ್ಡ ಕಂಪನಿಗಳು ದೂರದರ್ಶನದಲ್ಲಿ ಏನೇನೋ ಹೇಳಿಕೊಳ್ಳುವಾಗ ಸಣ್ಣವರು ಮಾತ್ರ ಮಿತಭಾಷಿಗಳಾದರೆ ಸರಕು ಖರ್ಚಾಗುವುದು ಹೇಗೆ ಎಂಬ ಆಕ್ಷೇಪ ಕೇಳಿಬರುತ್ತದೆ. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ದೊಡ್ಡ ಕಂಪನಿಗೆ ವಕೀಲರಿದ್ದಾರೆ, ನೂರು ಪೇಟೆಗಳಿವೆ. ಒಂದೆಡೆ ಹೆಸರು ಕೆಟ್ಟರೆ ಇನ್ನೊಂದೆಡೆ ವ್ಯಾಪಾರ ಸಾಗುತ್ತದೆ. ಗಂಗಾವತಿಯ ವರ್ತಕನಿಗೆ ಇರುವುದು ಒಂದೇ ಪೇಟೆ, ತಂದೆಯ ಕಾಲದಿಂದ ಬಂದ ಒಂದೇ ಹೆಸರು. ಅದೇ ಅವನ ನಿಜವಾದ ಬಂಡವಾಳ. ಅದನ್ನು ಒಂದು ಚಳಿಗಾಲದ ಲಾಭಕ್ಕಾಗಿ ಪಣಕ್ಕಿಡುವುದು ಜಾಣತನವಾಗದು.

ಮಾಡಬೇಕಾದ ಕಾರ್ಯಗಳು ಅಸಾಧ್ಯವಾದವುಗಳೇನಲ್ಲ. ನಾಲ್ಕಾರು ತಯಾರಕರು ಸೇರಿ ಕಚ್ಚಾವಸ್ತುಗಳನ್ನು ಒಟ್ಟಾಗಿ ಕೊಂಡರೆ ಮೂಲ ತಿಳಿದಿರುತ್ತದೆ, ದರವೂ ಇಳಿಯುತ್ತದೆ. ಕೊಪ್ಪಳದಲ್ಲಿಯೇ ಆಯುರ್ವೇದ ಮಹಾವಿದ್ಯಾಲಯವಿರುವುದರಿಂದ ಮೂಲಿಕೆಗಳ ಗುರುತಿಗಾಗಿ ಅಲ್ಲಿಯ ದ್ರವ್ಯಗುಣ ತಜ್ಞರ ನೆರವನ್ನು ಕೋರಬಹುದು. ಭಾರಲೋಹ ಮತ್ತು ಬೂಷ್ಟಿನ ಪರೀಕ್ಷೆಗೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿಗಳನ್ನು ಕಳುಹಿಸುವ ವೆಚ್ಚವನ್ನು ಹಂಚಿಕೊಳ್ಳಬಹುದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಮೂಹ ಅಭಿವೃದ್ಧಿ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಕೇಂದ್ರ ಸರ್ಕಾರದ ನೆರವು ಪಡೆಯಲು ವಾಣಿಜ್ಯ ಸಂಸ್ಥೆಗಳು ಮುಂದಾಳತ್ವ ವಹಿಸಬೇಕು.

ಪ್ರತಿ ಪೊಟ್ಟಣದ ಮೇಲೂ ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ ಕೆಲವು ಮಾತುಗಳಿರಲಿ. ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋವು ಅಥವಾ ಮಂಪರು ಕಂಡರೆ, ಜ್ವರ ಮೂರು ದಿನ ಮೀರಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ಜ್ಯೇಷ್ಠಮಧು ಇರುವ ಪುಡಿಯನ್ನು ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳದೆ ಸೇವಿಸಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೆರೆಸಿ ಕೊಡಬಾರದು.

ಇದೇ ಮಾತು ಗಿರಣಿ ಮತ್ತು ಕಾರ್ಖಾನೆಗಳ ಮಾಲೀಕರಿಗೂ ಅನ್ವಯಿಸುತ್ತದೆ. ಅಕ್ಕಿ ಗಿರಣಿಯ ಹಮಾಲರಿಗೆ ಬೆಳಿಗ್ಗೆ ಒಂದು ಲೋಟ ಬಿಸಿ ಕಷಾಯ ಕೊಡುವುದು ಒಳ್ಳೆಯ ಸಂಪ್ರದಾಯ. ಆದರೆ ಅದು ಧೂಳಿಗೆ ಮುಖಗವಸಾಗದು, ಜ್ವರಕ್ಕೆ ರಜೆಯಾಗದು, ಇನ್‌ಫ್ಲುಯೆಂಜಾಕ್ಕೆ ಲಸಿಕೆಯಾಗದು. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಕ್ಷಯ ಪರೀಕ್ಷೆಯನ್ನು ಮಾಡಿಸಬೇಕು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯ ಕಾಲ ಸರಿದು, ಹಿತ್ತಲ ಗಿಡಕ್ಕೆ ಇಂದು ಬೆಲೆ ಬಂದಿದೆ. ಆ ಬೆಲೆಯನ್ನು ಉಳಿಸಿಕೊಳ್ಳುವುದು ವರ್ತಕರ ಕೈಯಲ್ಲಿಯೇ ಇದೆ. ತೂಕದಲ್ಲಿ ಮೋಸ ಮಾಡಬಾರದೆಂಬ ಧರ್ಮವನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಈ ಭಾಗದ ವರ್ತಕ ಬಾಂಧವರು ಪೊಟ್ಟಣದ ಮೇಲಿನ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಇಂದಿನ ಅಗತ್ಯವಾಗಿದೆ.