ಕಣ್ಣಿಗೆ ಹನಿ: ನಿರೀಕ್ಷೆಯೂ ಪರೀಕ್ಷೆಯೂ

"ಕಣ್ಣಿಗೆ ಸೂಜಿ ಚುಚ್ಚುವುದು ಬೇಡ ಫಾದರ್, ಹನಿ ಹಾಕುವ ಮದ್ದು ಬರುತ್ತದಂತೆ, ಅದು ಬರಲಿ." ವಯಸ್ಸಾದವರ ಮನೆಗಳಿಗೆ ಭೇಟಿ ನೀಡುವಾಗ ಇಂತಹ ಮಾತು ನಮ್ಮ ಕಿವಿಗೆ ಬೀಳುತ್ತದೆ. ಪರವೂರಿನಲ್ಲಿರುವ ಮಗನೋ ಮಗಳೋ ಮೊಬೈಲಿಗೆ ಕಳುಹಿಸಿದ ಯಾವುದೋ ಸುದ್ದಿ ಈ ಮಾತಿನ ಹಿಂದೆ ಇರುತ್ತದೆ. ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಕ್ಷಯಕ್ಕೆ ಹನಿ ಮದ್ದು ಕಂಡುಹಿಡಿಯಲು ಸುಮಾರು ಇಪ್ಪತ್ತು ವರ್ಷಗಳಿಂದ ಪ್ರಯತ್ನ ನಡೆದಿದೆ. ಆ ಪ್ರಯತ್ನಗಳು ಏನಾದವು? ಅವುಗಳಿಗಾಗಿ ಕಾಯುತ್ತಾ ಕುಳಿತರೆ ನಷ್ಟ ಯಾರಿಗೆ? ಈ ಎರಡು ಪ್ರಶ್ನೆಗಳನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ನಮ್ಮ ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳುವಾದ ಪರದೆ ಇದೆ. ಅದರ ನಡುವಿನ ಚಿಕ್ಕ ಜಾಗವೇ ಮ್ಯಾಕ್ಯುಲಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು, ಎಲ್ಲವೂ ಈ ಜಾಗದ ಕೆಲಸ. ವಯಸ್ಸಾದಂತೆ ಕೆಲವರಲ್ಲಿ ಇದು ಸವೆಯುತ್ತದೆ. ಬದಿಯ ದೃಷ್ಟಿ ಸಾಮಾನ್ಯವಾಗಿ ಉಳಿಯುತ್ತದೆ, ನಡುವಿನ ದೃಷ್ಟಿ ಹೋಗುತ್ತದೆ. ಆದ್ದರಿಂದಲೇ ಮನೆಯೊಳಗೆ ತಾವಾಗಿಯೇ ಓಡಾಡುವ ಅಜ್ಜಿಗೆ ಮೊಮ್ಮಗಳ ಮುಖ ಕಾಣಿಸದಿರಬಹುದು. ಇದು ಕಣ್ಣಿನ ಪೊರೆಯಲ್ಲ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಮಸೂರ ಕೂರಿಸಬಹುದು. ಸತ್ತುಹೋದ ಮ್ಯಾಕ್ಯುಲಾವನ್ನು ಹಿಂದಕ್ಕೆ ತರಲು ಇಂದಿಗೂ ಸಾಧ್ಯವಾಗಿಲ್ಲ.

ಈ ಕಾಯಿಲೆಯಲ್ಲಿ ಎರಡು ಬಗೆ. ಒಣ ಬಗೆಯದು ನಿಧಾನ, ಹೆಚ್ಚಿನವರಲ್ಲಿ ಕಾಣುವುದು ಇದೇ. ಒದ್ದೆ ಬಗೆಯದು ವೇಗವಾದದ್ದು. ಇಲ್ಲಿ ರೆಟಿನಾದ ಅಡಿಯಲ್ಲಿ ಹೊಸ ರಕ್ತನಾಳಗಳು ಬೆಳೆದು ಸೋರುತ್ತವೆ, ಕೆಲವೇ ವಾರಗಳಲ್ಲಿ ದೃಷ್ಟಿ ಕುಸಿಯಬಹುದು. ಈ ನಾಳಗಳನ್ನು ತಡೆಯುವ ರಾನಿಬಿಝುಮ್ಯಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ದೊರೆಯಿತು. ಅದರ ಪರೀಕ್ಷೆಯಲ್ಲಿ ಮದ್ದು ಪಡೆದವರ ಪೈಕಿ ನೂರರಲ್ಲಿ ಸುಮಾರು 95 ಮಂದಿಯ ದೃಷ್ಟಿ ಒಂದು ವರ್ಷದವರೆಗೆ ದೊಡ್ಡ ಮಟ್ಟದಲ್ಲಿ ಕುಸಿಯದೆ ಉಳಿಯಿತು. ಮದ್ದು ಪಡೆಯದವರಲ್ಲಿ ಹಾಗೆ ಉಳಿದವರು ಸುಮಾರು 62 ಮಂದಿ ಮಾತ್ರ. ನೇತ್ರವೈದ್ಯದಲ್ಲಿ ಇದೊಂದು ದೊಡ್ಡ ತಿರುವು.

ಆದರೆ ಬೆಲೆ ತೆರಬೇಕು. ಮದ್ದನ್ನು ಕಣ್ಣಿನೊಳಗೇ ಚುಚ್ಚಬೇಕು, ಅದೂ ಒಮ್ಮೆಯಲ್ಲ, ತಿಂಗಳಿಗೊಮ್ಮೆ ಅಥವಾ ಕೆಲವು ತಿಂಗಳಿಗೊಮ್ಮೆ, ವರ್ಷಗಟ್ಟಲೆ. ಕಣ್ಣನ್ನು ಮರಗಟ್ಟಿಸಿ ಚುಚ್ಚುವುದರಿಂದ ನೋವು ಕಡಿಮೆ ಎಂದು ವೈದ್ಯರು ಹೇಳಿದರೂ ಹೆದರಿಕೆ ಹೋಗುವುದಿಲ್ಲ. ಸೋಂಕಿನ ಅಪಾಯವೂ ವಿರಳವಾಗಿ ಇದೆ. ಜೊತೆಗೆ ಹೋಗಲು ಒಬ್ಬರು ಬೇಕು, ಬಾಡಿಗೆ ಗಾಡಿ ಬೇಕು, ಹಣ ಬೇಕು. ಇದೆಲ್ಲದರ ಎದುರು "ಬೆಳಿಗ್ಗೆ ಒಂದು ಹನಿ, ರಾತ್ರಿ ಒಂದು ಹನಿ" ಎಂಬ ಮಾತು ಎಷ್ಟು ಹಿತವಾಗಿ ಕೇಳಿಸುತ್ತದೆ ಎಂಬುದನ್ನು ವಿವರಿಸಬೇಕಿಲ್ಲ.

ಗ್ಲಾಕೋಮಾಕ್ಕೆ ಹನಿ ಇದೆಯಲ್ಲ, ಇದಕ್ಕೇಕಿಲ್ಲ ಎಂದು ಯಾರಾದರೂ ಕೇಳಬಹುದು. ಗ್ಲಾಕೋಮಾದ ಹನಿ ಕೆಲಸ ಮಾಡುವುದು ಕಣ್ಣಿನ ಮುಂಭಾಗದಲ್ಲಿ. ಮ್ಯಾಕ್ಯುಲಾ ಇರುವುದು ಕಣ್ಣಿನ ತಳದಲ್ಲಿ. ಹಾಕಿದ ಹನಿಯ ಬಹುಪಾಲು ಕಣ್ಣೀರಿನೊಡನೆ ಹರಿದು ಮೂಗಿನ ಕಡೆಗೆ ಇಳಿಯುತ್ತದೆ ಅಥವಾ ಕೆನ್ನೆಗೆ ಸುರಿಯುತ್ತದೆ. ನೂರರಲ್ಲಿ ಐದು ಪಾಲಿಗಿಂತ ಕಡಿಮೆ ಮದ್ದು ಕಣ್ಣಿನೊಳಗೆ ಹೊಗುತ್ತದೆ, ತಳ ಮುಟ್ಟುವುದು ಅದಕ್ಕಿಂತಲೂ ಬಹಳ ಕಡಿಮೆ. ಹೊರಗಿನದು ಒಳಗೆ ನುಗ್ಗದಂತೆ ಕಣ್ಣು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಆ ಕಾವಲೇ ಮದ್ದಿಗೂ ಅಡ್ಡಿಯಾಗಿದೆ.

ಹಾಗಿದ್ದರೂ ವಿಜ್ಞಾನಿಗಳು ಕೈಬಿಡಲಿಲ್ಲ. ಒಣ ಬಗೆಯ ಮುಂದುವರಿದ ಹಂತಕ್ಕಾಗಿ ಓಟಿ-551 ಎಂಬ ಹನಿಯನ್ನು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ಪರೀಕ್ಷಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿತು. ಹತ್ತು ರೋಗಿಗಳು, ಎರಡು ವರ್ಷ. ಪ್ರತಿಯೊಬ್ಬರ ಒಂದು ಕಣ್ಣಿಗೆ ಹನಿ, ಇನ್ನೊಂದು ಕಣ್ಣು ಹೋಲಿಕೆಗಾಗಿ ಹಾಗೆಯೇ. ಹನಿ ಹಾಕಿದ ಕಣ್ಣಿನ ದೃಷ್ಟಿ ಸರಾಸರಿಯಲ್ಲಿ ಉಳಿಯಿತು, ಹಾಕದ ಕಣ್ಣು ಅಕ್ಷರಫಲಕದಲ್ಲಿ ಸುಮಾರು 11 ಅಕ್ಷರಗಳಷ್ಟು ಹಿಂದೆ ಬಿತ್ತು. ಇಷ್ಟು ಮಾತ್ರ ಓದಿದವರು ಮದ್ದು ಸಿಕ್ಕಿತು ಎಂದೇ ಸಂಭ್ರಮಿಸುತ್ತಾರೆ. ಆದರೆ ಅದೇ ಪರೀಕ್ಷೆಯಲ್ಲಿ ರೆಟಿನಾದ ಸವೆದ ಜಾಗ ಬೆಳೆಯುವುದು ನಿಧಾನವಾದದ್ದು ಕಾಣಲಿಲ್ಲ. ಹತ್ತು ಮಂದಿಯ ಲೆಕ್ಕದಲ್ಲಿ ಆಕಸ್ಮಿಕಕ್ಕೂ ಪಾಲಿರುತ್ತದೆ. ಆ ಹನಿ ಮದ್ದಾಗಿ ಮಾರುಕಟ್ಟೆಗೆ ಬರಲಿಲ್ಲ.

ಜಪಾನಿನಲ್ಲಿ ಮಾನಸಿಕ ಆತಂಕಕ್ಕೆ ಕೊಡುವ ಟ್ಯಾಂಡೋಸ್ಪಿರೋನ್ ಎಂಬ ಮದ್ದು, ತೀವ್ರ ಬೆಳಕಿನಿಂದ ಹಾನಿಯಾಗುವ ಇಲಿಗಳ ರೆಟಿನಾವನ್ನು ಕಾಪಾಡಿತ್ತು. ಅದನ್ನು ಹನಿಯಾಗಿ ಮಾಡಿ ಸುಮಾರು 770 ಮಂದಿಯನ್ನು ಸೇರಿಸಿಕೊಂಡು ದೊಡ್ಡ ಪರೀಕ್ಷೆ ನಡೆಯಿತು. ಕೆಲವರಿಗೆ ಮದ್ದಿನ ಹನಿ, ಕೆಲವರಿಗೆ ಮದ್ದಿಲ್ಲದ ಹನಿ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡರ ನಡುವೆ ವ್ಯತ್ಯಾಸವಿರಲಿಲ್ಲ. ಇಲಿಗೆ ಒದಗಿದ್ದು ಮನುಷ್ಯನಿಗೆ ಒದಗಲಿಲ್ಲ.

ಒದ್ದೆ ಬಗೆಯ ಕಥೆಯೂ ಇದೇ. ಮೂತ್ರಪಿಂಡದ ಕ್ಯಾನ್ಸರಿಗೆ ಬಳಸುವ ಪಾಝೋಪಾನಿಬ್ ಮದ್ದಿನ ಹನಿಯನ್ನು ಸುಮಾರು 500 ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಚುಚ್ಚುಮದ್ದಿನ ಸಂಖ್ಯೆ ಅರ್ಧಕ್ಕೆ ಇಳಿಯಬಹುದು ಎಂಬುದು ಆಶೆ, ಅದು ನೆರವೇರಲಿಲ್ಲ. ಡಾಗ್‌ಫಿಶ್ ಎಂಬ ಚಿಕ್ಕ ಶಾರ್ಕ್ ಮೀನಿನಲ್ಲಿ 1993ರಲ್ಲಿ ಪತ್ತೆಯಾದ ಸ್ಕ್ವಾಲಮೀನ್ ಎಂಬ ವಸ್ತುವಿನ ಹನಿ, ಆರಂಭದ ಪರೀಕ್ಷೆಯಲ್ಲಿ ಚುಚ್ಚುಮದ್ದಿನ ಜೊತೆ ಸೇರಿ ದೃಷ್ಟಿ ಹೆಚ್ಚಿಸಿದಂತೆ ಕಂಡಿತ್ತು. 2018ರ ಜನವರಿಯಲ್ಲಿ ಅಂತಿಮ ಹಂತದ ಪರೀಕ್ಷೆಯ ಫಲ ಹೊರಬಂದಾಗ, ಬರೀ ಚುಚ್ಚುಮದ್ದು ಪಡೆದವರಿಗಿಂತ ಹೆಚ್ಚಿನ ಲಾಭವೇನೂ ಇಲ್ಲವೆಂದು ಸ್ಪಷ್ಟವಾಯಿತು.

ಇವೆಲ್ಲ ಸೋಲುಗಳೇ? ಒಂದು ಅರ್ಥದಲ್ಲಿ ಹೌದು. ಆದರೆ ನಾವು ಇದನ್ನು ಬೇರೆ ರೀತಿಯಲ್ಲೂ ನೋಡಬೇಕು. ಈ ಪರೀಕ್ಷೆಗಳು ನಡೆಯದಿದ್ದರೆ ಏನಾಗುತ್ತಿತ್ತು? ಸಾವಿರಾರು ವೃದ್ಧರು ಪಿಂಚಣಿಯ ಹಣ ಕೊಟ್ಟು ಕೆಲಸಕ್ಕೆ ಬಾರದ ಹನಿಯನ್ನು ಕಣ್ಣಿಗೆ ಬಿಟ್ಟುಕೊಂಡು, ಕೆಲಸ ಮಾಡುವ ಚಿಕಿತ್ಸೆಯನ್ನು ಕೈಬಿಡುತ್ತಿದ್ದರು. ತನಗೆ ಸಿಕ್ಕಿದ್ದು ಮದ್ದೋ ಬರೀ ನೀರೋ ಎಂದು ತಿಳಿಯದೆ ತಿಂಗಳುಗಟ್ಟಲೆ ಹನಿ ಹಾಕಿಕೊಂಡ ಆ ರೋಗಿಗಳು ತಮ್ಮ ಕಣ್ಣನ್ನಷ್ಟೇ ಅಲ್ಲ, ನಮ್ಮ ಹಿರಿಯರ ಕಣ್ಣನ್ನೂ ಕಾಯ್ದಿದ್ದಾರೆ. ಅವರ ಹೆಸರು ನಮಗೆ ಗೊತ್ತಿಲ್ಲ, ಋಣ ಮಾತ್ರ ಇದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. "ನಿಧಾನಗೊಳಿಸುತ್ತದೆ" ಎಂಬ ಪದವನ್ನು ಓದಿದಾಗ ಯಾವುದನ್ನು ನಿಧಾನಗೊಳಿಸುತ್ತದೆ ಎಂದು ಕೇಳಬೇಕು. ಒಣ ಬಗೆಯ ಮುಂದುವರಿದ ಹಂತಕ್ಕೆ ಅಮೆರಿಕದಲ್ಲಿ 2023ರಲ್ಲಿ ಪೆಗ್‌ಸೆಟಕೋಪ್ಲಾನ್ ಮತ್ತು ಅವಾಸಿನ್‌ಕ್ಯಾಪ್ಟಾಡ್ ಎಂಬ ಎರಡು ಮದ್ದುಗಳಿಗೆ ಅನುಮತಿ ಸಿಕ್ಕಿತು. ಇವೂ ಹನಿಗಳಲ್ಲ, ಚುಚ್ಚುಮದ್ದುಗಳೇ. ಸವೆದ ಜಾಗ ಹರಡುವುದನ್ನು ಇವು ಸ್ವಲ್ಪ ಮಟ್ಟಿಗೆ ತಡೆಯುತ್ತವೆ, ಹೋದ ದೃಷ್ಟಿಯನ್ನು ಕೊಡುವುದಿಲ್ಲ. ಯುರೋಪಿನ ಔಷಧ ಸಂಸ್ಥೆ 2024ರಲ್ಲಿ ಮೊದಲನೆಯ ಮದ್ದಿನ ಪರವಾಗಿ ಶಿಫಾರಸು ಮಾಡಲು ನಿರಾಕರಿಸಿತು. ಚಿತ್ರದಲ್ಲಿ ಕಲೆ ನಿಧಾನವಾಗಿ ಬೆಳೆದರೂ ರೋಗಿಯ ದಿನನಿತ್ಯದ ಬದುಕಿನಲ್ಲಿ ಪ್ರಯೋಜನ ಕಾಣಲಿಲ್ಲ ಎಂಬುದು ಅದರ ವಾದ. ಒಂದೇ ಮದ್ದು, ಒಂದೇ ಅಂಕಿಅಂಶ, ಎರಡು ತೀರ್ಪು. ಯಂತ್ರದ ಚಿತ್ರ ಬೇರೆ, ಮನುಷ್ಯ ಪತ್ರ ಓದಬಲ್ಲನೇ ಎಂಬುದು ಬೇರೆ.

ನಮ್ಮ ದೇಶದಲ್ಲೂ ಇದಕ್ಕೆ ಹತ್ತಿರದ ಘಟನೆ ನಡೆದದ್ದು ಓದುಗರಿಗೆ ನೆನಪಿರಬಹುದು. 2024ರಲ್ಲಿ ಪೈಲೋಕಾರ್ಪಿನ್ ಇರುವ ಒಂದು ಹನಿಗೆ ಭಾರತದ ಔಷಧ ನಿಯಂತ್ರಕರು ಅನುಮತಿ ನೀಡಿದ್ದರು. ಓದುವ ಕನ್ನಡಕವೇ ಬೇಡ ಎಂಬಂತಹ ಪ್ರಚಾರ ಎಲ್ಲೆಡೆ ಹಬ್ಬಿತು. ಪ್ರಚಾರ ಮಿತಿ ಮೀರಿತೆಂದು ಸೆಪ್ಟೆಂಬರಿನಲ್ಲೇ ಆ ಅನುಮತಿಯನ್ನು ತಡೆಹಿಡಿಯಲಾಯಿತು. ಆ ಹನಿಗೂ ಮ್ಯಾಕ್ಯುಲಾಕ್ಕೂ ಸಂಬಂಧವಿಲ್ಲ. ನಲ್ವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವ ಚಾಳೀಸಿಗಾಗಿ, ಕಣ್ಣಿನ ಪಾಪೆಯನ್ನು ಕಿರಿದು ಮಾಡುವ ಹನಿ ಅದು. ಆದರೆ ದೃಷ್ಟಿ ಕಳೆದುಕೊಳ್ಳುತ್ತಿರುವವರ ಕಿವಿಗೆ ಎಲ್ಲ ಹನಿಗಳೂ ಒಂದೇ ಹನಿಯಾಗಿ ಕೇಳಿಸುತ್ತವೆ. ಕುರುಡುತನ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾಯ್ದೆಯೊಂದು ನಿಷೇಧಿಸಿದೆ. ಆದರೂ ಅಂತಹ ಜಾಹೀರಾತುಗಳು ಮನೆ ಬಾಗಿಲಿಗೆ, ಈಗ ಮೊಬೈಲಿಗೂ ಬರುತ್ತವೆ.

ಹಾಗಾದರೆ ಇಂದು ಏನು ಮಾಡಬಹುದು? ಮಾಡಲು ಬಹಳ ಇದೆ.

ಒಂದು, ಧೂಮಪಾನ ಬಿಡುವುದು. ಸೇದುವವರಿಗೆ ಈ ಕಾಯಿಲೆಯ ಅಪಾಯ ಹಲವು ಪಟ್ಟು ಹೆಚ್ಚು.

ಎರಡು, ಮನೆಯಲ್ಲೇ ಪರೀಕ್ಷೆ. ಚೌಕಗಳಿರುವ ಆಮ್ಸ್ಲರ್ ಹಾಳೆ ಕಣ್ಣಿನ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಅದಿಲ್ಲವಾದರೆ ಕಿಟಕಿಯ ಸರಳು ಅಥವಾ ಗೋಡೆಯ ಟೈಲ್ಸ್ ಸಾಕು. ಓದುವ ಕನ್ನಡಕವಿದ್ದವರು ಹಾಳೆ ನೋಡುವಾಗ ಅದನ್ನು ಹಾಕಿಕೊಳ್ಳಬೇಕು. ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ ನೋಡಬೇಕು. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಹಾಕುತ್ತದೆ. ನೇರ ಗೆರೆ ಡೊಂಕಾಗಿ ಕಂಡರೆ, ನಡುವೆ ಕಪ್ಪು ಕಲೆ ಕಂಡರೆ, ಹಬ್ಬ ಮುಗಿಯಲಿ, ಮಗ ರಜೆಯಲ್ಲಿ ಬರಲಿ ಎಂದು ಕಾಯದೆ ಆ ವಾರವೇ ನೇತ್ರತಜ್ಞರ ಬಳಿ ಹೋಗಬೇಕು.

ಮೂರು, ಮಧ್ಯಮ ಹಂತದ ಒಣ ಬಗೆಯವರಿಗೆ ವೈದ್ಯರು ಹೇಳುವ ವಿಟಮಿನ್ ಮತ್ತು ಸತುವಿನ ಮಾತ್ರೆ. ಇದು ಕಾಯಿಲೆ ಕೊನೆಯ ಹಂತಕ್ಕೆ ಹೋಗುವ ಅಪಾಯವನ್ನು ಐದು ವರ್ಷಗಳಲ್ಲಿ ನೂರಕ್ಕೆ ಸುಮಾರು 25ರಷ್ಟು ತಗ್ಗಿಸುತ್ತದೆ ಎಂದು 2001ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಎಲ್ಲರಿಗೂ ಇದು ಬೇಕಿಲ್ಲ, ವೈದ್ಯರನ್ನು ಕೇಳದೆ ನುಂಗುವುದೂ ಸಲ್ಲ.

ನಾಲ್ಕು, ಒದ್ದೆ ಬಗೆಯೆಂದು ತಿಳಿದರೆ ಚುಚ್ಚುಮದ್ದಿಗೆ ಹಿಂಜರಿಯಬಾರದು. ಖರ್ಚಿನ ಭಯವಿದ್ದವರು ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಲಿ. ಕ್ಯಾನ್ಸರಿನ ಮದ್ದಾದ ಬೆವಾಸಿಝುಮ್ಯಾಬ್ ಬಹಳ ಅಗ್ಗ. ದೃಷ್ಟಿ ಉಳಿಸುವುದರಲ್ಲಿ ಅದು ದುಬಾರಿ ರಾನಿಬಿಝುಮ್ಯಾಬ್‌ಗೆ ಸಮವೆಂದು ಸುಮಾರು 1,200 ರೋಗಿಗಳ ಅಧ್ಯಯನ 2011ರಲ್ಲಿ ತೋರಿಸಿದೆ. ರಾನಿಬಿಝುಮ್ಯಾಬ್‌ನ ಭಾರತೀಯ ತಯಾರಿಕೆಯೂ 2015ರಿಂದ ನಮ್ಮಲ್ಲಿ ದೊರೆಯುತ್ತದೆ.

ಕೊನೆಯದಾಗಿ, ದೃಷ್ಟಿ ಈಗಾಗಲೇ ಹೋದವರ ಮಾತು. ಅವರಿಗೆ ದೊಡ್ಡ ಅಕ್ಷರದ ಪುಸ್ತಕ, ಒಳ್ಳೆಯ ಬೆಳಕು, ಭೂತಗನ್ನಡಿ ಬೇಕು. ಅದಕ್ಕಿಂತ ಹೆಚ್ಚಾಗಿ, ಎದುರು ಬಂದಾಗ ತಾನು ಯಾರೆಂದು ಹೆಸರು ಹೇಳುವ ಮಂದಿ ಬೇಕು. "ನನ್ನನ್ನು ನೋಡಿಯೂ ಮಾತನಾಡಿಸದೆ ಹೋದರು" ಎಂದು ನಾವು ಮುನಿಸಿಕೊಂಡ ಹಿರಿಯರಿಗೆ ಬಹುಶಃ ನಮ್ಮ ಮುಖ ಕಾಣಿಸಿಯೇ ಇರಲಿಲ್ಲ.

ಹನಿ ಮದ್ದು ಒಂದು ದಿನ ಬರಲೂಬಹುದು. ಪರೀಕ್ಷೆ ಗೆದ್ದು ಬರಲಿ, ನಾವೂ ಸಂತೋಷದಿಂದ ಆ ಸುದ್ದಿ ಪ್ರಕಟಿಸುತ್ತೇವೆ. ಅಲ್ಲಿಯ ತನಕ ಅಜ್ಜಿಯ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಲು ಮನೆಯಲ್ಲಿ ಯಾರು ಬಿಡುವು ಮಾಡಿಕೊಳ್ಳುತ್ತಾರೆ? ಈ ಪ್ರಶ್ನೆಗೆ ಉತ್ತರವನ್ನು ಈ ವಾರವೇ ಕಂಡುಕೊಳ್ಳೋಣ.