ಕುಲುಮೆಯ ಉರಿ, ಕಣಿವೆಯ ನೀರು

ಕೋಟೆಯ ಊರಾದ ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದವರಿಗೆ ನಗರ ಮುಗಿಯುವ ಮೊದಲೇ ಉದ್ಯಮಬಾಗದ ಎರಕದ ಕಾರ್ಖಾನೆಗಳು ಎದುರಾಗುತ್ತವೆ. ಅದೇ ಖಾನಾಪುರ ತಾಲ್ಲೂಕಿನಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿಯಿದೆ. 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಭೀಮಗಡವಿದೆ. ಕುಲುಮೆಗೂ ಕಾಡಿಗೂ ಏನು ಸಂಬಂಧ ಎಂದು ಕೇಳುವವರುಂಟು. ವಿದ್ಯುತ್ ತಂತಿಯೇ ಆ ಸಂಬಂಧ.

ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ವಿದ್ಯುತ್ ಬೇಕು. ದಿನಕ್ಕೆ ಐದು ಟನ್ ಕರಗಿಸುವ ಕಾರ್ಖಾನೆಗೆ ಇದೊಂದಕ್ಕೇ 3000 ಯೂನಿಟ್. ಮುಚ್ಚಳ ತೆರೆದಿಟ್ಟ ಕುಲುಮೆ, ಅಚ್ಚು ಸಿದ್ಧವಾಗದೆ ಕಾಯುವ ಕರಗಿದ ಲೋಹ, ಸೋರುವ ಗಾಳಿ ಕೊಳವೆ, ಇವು ಕಣ್ಣಿಗೆ ಕಾಣದ ಕಳ್ಳರು. ಶೇಕಡಾ 5ರಷ್ಟು ಉಳಿಸಿದರೂ ದಿನಕ್ಕೆ 150 ಯೂನಿಟ್ ಉಳಿಯುತ್ತದೆ. ಬಿಲ್ಲಿನಲ್ಲಿ ಇನ್ನೊಂದು ಬಾಬೂ ಇದೆ. ಎರಡು ಕುಲುಮೆಗಳು ಒಟ್ಟಿಗೆ ಹೊತ್ತಿಕೊಂಡ ಒಂದು ಕಾಲು ತಾಸಿನ ಗರಿಷ್ಠ ಬೇಡಿಕೆ ಇಡೀ ತಿಂಗಳ ಶುಲ್ಕವನ್ನು ಏರಿಸಬಲ್ಲದು. ಒಂದರ ನಂತರ ಇನ್ನೊಂದನ್ನು ಹೊತ್ತಿಸಿದರೆ ಅದೇ ಕೆಲಸ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.

ಎಷ್ಟು ಬಳಸಿದೆವು ಎಂಬುದರ ಜೊತೆಗೆ ಯಾವಾಗ ಬಳಸಿದೆವು ಎಂಬುದೂ ಈಗ ಮುಖ್ಯ. ಪಾವಗಡದ 2050 ಮೆಗಾವ್ಯಾಟ್ ಸೌರ ಉದ್ಯಾನದಂಥವು ಬಂದ ಮೇಲೆ ನಡುಹಗಲಲ್ಲಿ ವಿದ್ಯುತ್ ಹೇರಳ, ಸಂಜೆ ಕೊರತೆ. 2023ರಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮವು ಬಿಸಿಲಿನ ತಾಸುಗಳಲ್ಲಿ ದರವನ್ನು ಕನಿಷ್ಠ ಶೇಕಡಾ 20ರಷ್ಟು ಇಳಿಸಬೇಕೆಂದೂ, ಕೈಗಾರಿಕೆಗಳಿಗೆ ಬೇಡಿಕೆ ಹೆಚ್ಚಿದ ವೇಳೆಯಲ್ಲಿ ಅಷ್ಟೇ ಏರಿಸಬೇಕೆಂದೂ ಹೇಳುತ್ತದೆ. ಹಗಲಲ್ಲಿ ಕರಗಿಸುವುದು ಮಾಲೀಕರಿಗೆ ಲಾಭ. ಕಾರ್ಮಿಕರಿಗೂ ರಾತ್ರಿಪಾಳಿಯ ಹೊರೆ ತಗ್ಗುತ್ತದೆ.

ಮಲೆನಾಡಿಗರ ಪಾಲಿಗೆ ಇದು ಬರಿಯ ಬಿಲ್ಲಿನ ಮಾತಲ್ಲ. ಸಂಜೆಯ ಈ ಕೊರತೆಯನ್ನು ತುಂಬುವ ಹೆಸರಿನಲ್ಲಿಯೇ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ 2000 ಮೆಗಾವ್ಯಾಟ್ ಭೂಗತ ವಿದ್ಯುದಾಗಾರದ ಯೋಜನೆ ರೂಪುಗೊಂಡಿತು. ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ ಮತ್ತೆ ಹರಿಸುವ ಇಂಥ ಏರ್ಪಾಡಿನಲ್ಲಿ ನೂರು ಯೂನಿಟ್ ಹಾಕಿದರೆ ಹಿಂದಿರುಗುವುದು ಸುಮಾರು 75ರಿಂದ 80. ಸಂಜೆಯ ಕೆಲಸವನ್ನೇ ಮಧ್ಯಾಹ್ನಕ್ಕೆ ಸರಿಸಿದರೆ ಈ ನಷ್ಟವೂ ಇಲ್ಲ, ಸುರಂಗವೂ ಬೇಕಿಲ್ಲ.

ಬೆಳಗಾವಿಯ ಕುಲುಮೆಗಳಷ್ಟೇ ಇದನ್ನು ಸಾಧಿಸಲಾರವು ಎಂಬುದು ನಿಜ. ಕಾದ ಕುಲುಮೆಯನ್ನು ನಡುವೆ ಆರಿಸಲಾಗದು. ಗಡುವಿಗೆ ಮಾಲು ಕೊಡಬೇಕಾದವನಿಗೆ ಹೊತ್ತು ಆರಿಸಿಕೊಳ್ಳುವ ಸ್ವಾತಂತ್ರ್ಯ ಕಡಿಮೆ. ಆದರೆ ರಾಜ್ಯದ ಎರಕ, ಶೀತಲಗೃಹ, ಹಿಟ್ಟಿನ ಗಿರಣಿ, ನೀರೆತ್ತುವ ಪಂಪುಗಳು ಒಟ್ಟಾದರೆ ಲೆಕ್ಕ ಬೇರೆಯಾಗುತ್ತದೆ. ರೈತನ ಪಂಪಿಗೂ ಹಗಲಲ್ಲೇ ವಿದ್ಯುತ್ ಸಿಕ್ಕರೆ, ಕಾಡಂಚಿನ ಗದ್ದೆಗೆ ನೀರು ಹಾಯಿಸಲು ನಡುರಾತ್ರಿ ಕರಡಿಯ ಭಯದಲ್ಲಿ ಹೋಗಬೇಕಾಗಿಲ್ಲ.

ಜಾಗತಿಕ ಪರಿಸರ ನಿಧಿಯ ನೆರವಿನಿಂದ ಸಣ್ಣ ಕೈಗಾರಿಕೆಗಳ ಇಂಧನ ಉಳಿತಾಯಕ್ಕೆ ನಡೆದ ಕಾರ್ಯಕ್ರಮಕ್ಕೆ ಕೊಯಮತ್ತೂರು, ಇಂದೋರ್‌ಗಳೊಡನೆ ಬೆಳಗಾವಿಯ ಎರಕದ ಕಾರ್ಖಾನೆಗಳೂ ಆಯ್ಕೆಯಾಗಿದ್ದವು. ದಾರಿ ಹೊಸದೇನಲ್ಲ. ಹಗಲಿನ ರಿಯಾಯಿತಿ ಸಣ್ಣ ಕಾರ್ಖಾನೆಗಳಿಗೂ ತಲುಪುವಂತೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನೋಡಿಕೊಳ್ಳಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದೊಂದು ಕಾರ್ಖಾನೆಯ ಒಂದು ವಾರದ ತಾಸುವಾರು ಬಳಕೆಯನ್ನು ಬರೆದಿಡಲಿ. ಕಣಿವೆ ಕೊರೆಯುವ ಮೊದಲು ಹೊತ್ತು ಬದಲಿಸಿ ನೋಡಿದಿರಾ ಎಂದು ಸರ್ಕಾರವನ್ನು ಕೇಳುವವರ ಕೈಯಲ್ಲಿ ಆ ಲೆಕ್ಕವಿರಬೇಕು.